ಹಗಲಿನಲ್ಲಿ ಓಡಿದ ನೀರು

ಆ ಇಳಿಜಾರು ಬೀದಿಯ ನಡುಮಧ್ಯದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕರೆಯುತ್ತಿದ್ದದ್ದು ಕನ್ನಡಕದಕ್ಕ ಎಂದೇ. ಕೆಳಗೆ ಅಂಗಡಿ, ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆಯ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿದರೆ ಸಂಜೆ ದೀಪ ಹಚ್ಚುವವರೆಗೂ ಅವಳು ಮೇಲೆ ಹತ್ತುತ್ತಿರಲಿಲ್ಲ. ಊಟವೂ ಗಾಜಿನ ಕಪಾಟುಗಳ ಹಿಂದೆ, ಸ್ಟೂಲಿನ ಮೇಲೇ. ಈ ವಿಷಯ ಬೀದಿಗೆಲ್ಲ ಗೊತ್ತಿತ್ತು. ಆ ಬೀದಿಯಲ್ಲಿ ಯಾವ ವಿಷಯ ಯಾರಿಗೆ ಗೊತ್ತಿರಲಿಲ್ಲ ಎಂದು ಕೇಳುವುದೇ ಸರಿ.

ಅದಕ್ಕೆ ಕಾರಣ ಬೀದಿಯವರೇ ಕಟ್ಟಿಕೊಂಡಿದ್ದ ಜಾಲ. ಕೆಲವು ವರ್ಷಗಳ ಹಿಂದೆ ಬೀದಿಯ ತುದಿಯ ಮನೆಯಲ್ಲಿ ಒಬ್ಬ ಮುದುಕ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಬಿಟ್ಟಿದ್ದ. ವಾಸನೆ ಬರುವವರೆಗೂ ಒಬ್ಬರಿಗೂ ಸುಳಿವಿರಲಿಲ್ಲ. ಅವನ ಪಕ್ಕದ ಮನೆಯವರು ಮೇಷ್ಟ್ರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ಸಾವು ಅವರನ್ನು ಒಳಗೊಳಗೇ ತಿಂದುಹಾಕಿತು. ‘ಗೋಡೆಯ ಆಚೆ ಸತ್ತರೂ ಗೊತ್ತಾಗಲಿಲ್ಲ ಅಂದ್ರೆ ನಾವು ಮನುಷ್ಯರೇನ್ರೀ?’ ಎಂದು ಕಂಡಕಂಡವರ ಮುಂದೆ ಹೇಳಿಕೊಂಡರು. ಆಮೇಲೆ ಹೇಳುವುದನ್ನು ಬಿಟ್ಟು ಕೆಲಸಕ್ಕೆ ಕೂತರು. ಭಾನುವಾರ ಬಂತೆಂದರೆ ಅವರ ಮನೆಯ ಜಗಲಿಯ ತುಂಬ ವೈರು, ಬೆಸುಗೆಯ ಹೊಗೆ. ಸಾಬೂನಿನ ಡಬ್ಬಿಯಷ್ಟು ದೊಡ್ಡ ಯಂತ್ರಗಳನ್ನು ಬೀದಿಯವರೇ ಕೂತು ಜೋಡಿಸಿದರು. ಮನೆಗೊಂದು ಡಬ್ಬಿ. ನೀರಿನ ಪೈಪಿನಲ್ಲಿ ನೀರು ಓಡಿದರೆ, ಬಾಗಿಲು ತೆರೆದರೆ, ದೀಪ ಹತ್ತಿದರೆ, ಗ್ಯಾಸ್ ಸೋರಿದರೆ ಅದಕ್ಕೆ ತಿಳಿಯುತ್ತಿತ್ತು. ಒಂದು ಮನೆಯ ಡಬ್ಬಿ ಪಕ್ಕದ ಮನೆಯ ಡಬ್ಬಿಯೊಂದಿಗೆ ಮಾತಾಡುತ್ತ, ಸುದ್ದಿ ಹಾಗೇ ಕೈಯಿಂದ ಕೈಗೆ ದಾಟಿ ಬೇಕರಿಯ ಗೋಡೆಯ ಮೇಲಿನ ಪರದೆಗೆ ಬಂದು ಸೇರುತ್ತಿತ್ತು. ಪರದೆಯಲ್ಲಿ ಮನೆಗೊಂದು ಚೌಕ. ಮನೆಯಲ್ಲಿ ಓಡಾಟವಿದ್ದರೆ ಹಸಿರು, ಇಲ್ಲದಿದ್ದರೆ ಬೂದಿ ಬಣ್ಣ. ಚೌಕವನ್ನು ಮುಟ್ಟಿದರೆ ಆ ಮನೆಯ ನೀರು, ಬಾಗಿಲು, ದೀಪಗಳ ಹಿಂದುಮುಂದೆಲ್ಲ ಗೆರೆಗೆರೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

‘ಯಾವ ಕಂಪನಿಯ ಹಂಗೂ ಇಲ್ಲ, ಯಾವ ಸರ್ಕಾರದ ಹಂಗೂ ಇಲ್ಲ’ ಎಂದು ಮೇಷ್ಟ್ರು ಎದೆ ಉಬ್ಬಿಸಿ ಹೇಳುತ್ತಿದ್ದರು. ಅದು ಸುಳ್ಳಲ್ಲ. ಜಾಲದಿಂದ ಉಪಕಾರವೂ ಆಗಿತ್ತು. ಒಂದು ಸಲ ಗ್ಯಾಸ್ ಸೋರಿದ್ದನ್ನು ಅದೇ ಹಿಡಿದುಕೊಟ್ಟಿತ್ತು. ಜಾಲಕ್ಕೆ ಪಾಸ್‌ವರ್ಡ್ ಕೂಡ ಇತ್ತು, ಇಲ್ಲವೆಂದಲ್ಲ. ಎಲ್ಲರಿಗೂ ಅನುಕೂಲವಾಗಲಿ ಎಂದು ಅದನ್ನು ಬೇಕರಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು.

ಡಬ್ಬಿ ಕೂರಿಸಲು ಬಂದ ದಿನ ಕನ್ನಡಕದಕ್ಕ ಒಂದು ಮಾತು ಕೇಳಿದ್ದಳು: ‘ಅಲ್ಲ ಮೇಷ್ಟ್ರೇ, ನಾನು ಸ್ನಾನ ಮಾಡಿದ್ನೋ ಇಲ್ವೋ ಅನ್ನೋದು ಬೇಕರಿಯವನಿಗೆ ಯಾಕೆ ಗೊತ್ತಾಗ್ಬೇಕು?’

ಸೇರಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕರಿಯವನಂತೂ ಅಂದಿನಿಂದ ಬನ್ನು ಕಟ್ಟಿಕೊಡುವಾಗಲೆಲ್ಲ ‘ಏನಕ್ಕಾ, ಇವತ್ತು ಸ್ನಾನ ತಡವಾಯ್ತಲ್ಲ?’ ಎಂದು ಕೀಟಲೆ ಮಾಡುತ್ತಿದ್ದ. ಒಳ್ಳೆಯ ಮನುಷ್ಯ. ಮೇಷ್ಟ್ರು ನಗಲಿಲ್ಲ. ‘ನಾವೆಲ್ಲ ನಮ್ಮವರೇ ಅಲ್ವೇನಮ್ಮ? ನಮ್ಮವರ ಹತ್ರ ಮುಚ್ಚಿಡೋದು ಏನಿರುತ್ತೆ?’ ಎಂದರು. ಬೀದಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಅವಳ ಮನೆಯೇ ಕೊಂಡಿ. ಅವಳ ತಾರಸಿಯ ಮೇಲೆ ಆಂಟೆನಾ ಕಂಬ ನಿಲ್ಲಿಸದೆ ಜಾಲ ಕೂಡುತ್ತಲೇ ಇರಲಿಲ್ಲ. ಒಪ್ಪಿಕೊಂಡಳು. ಕಂಬ ನಿಲ್ಲಿಸಿಕೊಟ್ಟವನು ಅವಳ ಒಡಹುಟ್ಟಿದ ತಮ್ಮ. ಅವನು ಲಿಫ್ಟ್ ರಿಪೇರಿ ಮಾಡುವವನು, ಎತ್ತರಕ್ಕೆ ಹೆದರುವವನಲ್ಲ. ಬೇರೆ ಬಡಾವಣೆಯಿಂದ ಬಂದು, ಸರಸರನೆ ಹತ್ತಿ, ಕೂಲಿಯ ಮಾತೆತ್ತದೆ ಕೆಲಸ ಮುಗಿಸಿಕೊಟ್ಟ. ಅವನ ಬಾಯಲ್ಲಿ ಮಾತು ಸಕ್ಕರೆ. ಬೀದಿಯವರು ಅವನನ್ನು ತಲೆ ಮೇಲೆ ಹೊತ್ತುಕೊಂಡರು.

ಅವನ ಕೈ ಎಂಥದೆಂದು ತಿಳಿದಿದ್ದವಳು ಅವನ ಹೆಂಡತಿ ಒಬ್ಬಳೇ. ಆಮೇಲೆ ಅಕ್ಕನಿಗೂ ತಿಳಿಯಿತು.

ತಮ್ಮನ ಹೆಂಡತಿಯಾದ ಆ ಹುಡುಗಿ ಮುರಿದ ಕನ್ನಡಕ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದಳು. ಮೊದಲ ಸಲ ಜಾರಿ ಬಿದ್ದೆ ಎಂದಳು. ಎರಡನೆಯ ಸಲ ಕಪಾಟಿನ ಬಾಗಿಲು ಬಡಿಯಿತು ಎಂದಳು. ಮೂರನೆಯ ಸಲ ಬಂದಾಗ ಅಕ್ಕ ಕನ್ನಡಕವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು. ಮುಖ ಅಡಿಯಾಗಿ ಬಿದ್ದರೆ ಮೂಗಿನ ಹತ್ತಿರ ಪೆಟ್ಟಾಗುತ್ತದೆ. ಇದರ ಕಡ್ಡಿ ಪಕ್ಕದಿಂದ ಒಳಕ್ಕೆ ಬಾಗಿತ್ತು. ಹಿಂದಿನೆರಡು ಸಲವೂ ಅದೇ ಪಕ್ಕ.

‘ಯಾವ ಕೈಯಲ್ಲಿ ಹೊಡೀತಾನೆ?’ ಎಂದು ಕೇಳಿದಳು.

ಹುಡುಗಿ ತಲೆಯೆತ್ತಲಿಲ್ಲ. ‘ಬಲಗೈಯಲ್ಲಿ, ಅಕ್ಕ’ ಎಂದಳು, ಗಿರಾಕಿಯೊಬ್ಬಳು ತನ್ನ ಕನ್ನಡಕದ ನಂಬರು ಹೇಳುವ ಹಾಗೆ.

ಅಕ್ಕ ಕನ್ನಡಕವನ್ನು ಮೇಜಿನ ಮೇಲಿಟ್ಟಳು. ತಾನೇ ಎತ್ತಿ ಆಡಿಸಿದ ತಮ್ಮ, ತಾನೇ ಅನ್ನ ಕಲಸಿ ತಿನ್ನಿಸಿದ ತಮ್ಮ. ಅವಳು ಅಳಲಿಲ್ಲ, ಉಪದೇಶ ಮಾಡಲಿಲ್ಲ, ‘ಹೊಂದಿಕೊಂಡು ಹೋಗು’ ಎನ್ನಲಿಲ್ಲ. ಮೇಲಿನ ಮನೆಯ ಬೀಗದ ಕೈ ತೆಗೆದು ಹುಡುಗಿಯ ಕೈಗಿಟ್ಟಳು. ‘ಹತ್ತು. ಒಳಗಿನಿಂದ ಚಿಲಕ ಹಾಕ್ಕೋ. ನಾನು ಬಂದು ಹೆಸರು ಹಿಡಿದು ಕರೆಯೋವರೆಗೂ ತೆಗೀಬೇಡ.’

ಇಬ್ಬರೂ ಸೇರಿ ಎಲ್ಲವನ್ನೂ ಯೋಚಿಸಿದರು. ಬೀದಿಯ ಕಡೆಯ ಕಿಟಕಿ ತೆರೆಯಬಾರದು. ತಾರಸಿಗೆ ಹೋಗಬಾರದು. ಮೊಬೈಲು ಆಫ್. ನಡೆದಾಡುವಾಗ ಚಪ್ಪಲಿ ಬೇಡ. ಹಗಲಲ್ಲಿ ದೀಪ ಬೇಡ. ಒಗೆದ ಬಟ್ಟೆ ಬಚ್ಚಲಿನಲ್ಲೇ ಒಣಗಬೇಕು. ದೂರದ ಊರೊಂದರಲ್ಲಿ ಇಂಥ ಹೆಂಗಸರಿಗೆ ನೆಲೆ ಕೊಡುವ ಸಂಸ್ಥೆಯಿತ್ತು, ಅಲ್ಲಿ ಜಾಗ ಖಾಲಿಯಾಗುವವರೆಗೆ ಹೀಗೆ ಕಾಲ ತಳ್ಳಿದರೆ ಸಾಕಿತ್ತು. ಅಕ್ಕ ಬೇಕರಿಯಲ್ಲಿ ಎಂದಿಗಿಂತ ಒಂದು ಬನ್ನನ್ನೂ ಹೆಚ್ಚಿಗೆ ಕೊಳ್ಳಲಿಲ್ಲ, ಅಷ್ಟು ಎಚ್ಚರ. ಆದರೆ ಮನುಷ್ಯರು ಕೈ ತೊಳೆಯುತ್ತಾರೆ, ಪಾತ್ರೆ ತೊಳೆಯುತ್ತಾರೆ, ಬಚ್ಚಲಿಗೆ ಹೋಗುತ್ತಾರೆ. ನೀರಿನ ವಿಷಯ ಇಬ್ಬರಿಗೂ ಹೊಳೆಯಲಿಲ್ಲ. ಆ ಡಬ್ಬಿ ಅಷ್ಟು ದಿನದಿಂದ ಅಲ್ಲೇ ಪೈಪಿನ ಮೇಲೆ ಕೂತಿತ್ತು. ಗೋಡೆಯ ಮೇಲಿನ ಹಲ್ಲಿಯನ್ನು ಮರೆಯುವ ಹಾಗೆ ಅದನ್ನು ಮರೆತಿದ್ದರು.

ತಮ್ಮ ಮೊದಲು ಅಂಗಡಿಗೇ ಬಂದ. ಕಣ್ಣು ಕೆಂಪಾಗಿತ್ತು. ‘ಅಕ್ಕ, ಅವಳು ಹೇಳದೆ ಕೇಳದೆ ಹೊರಟುಹೋಗಿದಾಳೆ. ನಿನಗೇನಾದ್ರೂ ಗೊತ್ತಾ?’ ಎಂದ.

‘ಅವರಮ್ಮನ ಮನೇಲಿ ವಿಚಾರಿಸು’ ಎಂದು ಅಕ್ಕ ಲೆನ್ಸು ಒರೆಸುತ್ತಲೇ ಹೇಳಿದಳು. ಅವನು ನಂಬಿದಂತೆ ತಲೆಯಾಡಿಸಿ ಹೊರಟ.

ಕೆಲವು ದಿನ ಬಿಟ್ಟು ಅವನು ಮತ್ತೆ ಬೀದಿಗೆ ಬಂದದ್ದು ಅವಳಿಗೆ ಕಾಣಲಿಲ್ಲ. ಈ ಸಲ ಅವನು ನೇರ ಬೇಕರಿಗೆ ಹೋದ. ಮೇಷ್ಟ್ರು ಅಲ್ಲೇ ಚಹಾ ಕುಡಿಯುತ್ತ ಪರದೆ ನೋಡುತ್ತಿದ್ದರು. ಅಲ್ಲಿ ನಡೆದದ್ದನ್ನು ಬೇಕರಿಯವನು ಆಮೇಲೆ ಅಕ್ಕನಿಗೆ ಒಂದಕ್ಷರ ಬಿಡದೆ ಹೇಳಿದ.

‘ಮೇಷ್ಟ್ರೇ, ಅಕ್ಕ ಯಾಕೋ ಇತ್ತೀಚೆಗೆ ಸರಿಯಾಗಿ ಮಾತೇ ಆಡ್ತಿಲ್ಲ. ಮೈ ಹುಷಾರಿಲ್ವೇನೋ ಅಂತ ಭಯ ಆಗುತ್ತೆ’ ಎಂದನಂತೆ ತಮ್ಮ, ಮುಖ ಸಣ್ಣದು ಮಾಡಿಕೊಂಡು.

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು. ಒಡಹುಟ್ಟಿದವಳ ಬಗ್ಗೆ ಇಷ್ಟು ಕಾಳಜಿ ಇರುವ ಗಂಡಸು ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ! ಎದ್ದು ಹೋಗಿ ಪರದೆಯ ಮೇಲೆ ಅವಳ ಚೌಕವನ್ನು ಮುಟ್ಟಿದರು. ‘ಭಯ ಪಡಬೇಡಪ್ಪ, ನೋಡಿಲ್ಲಿ. ಮನೇಲಿ ಚೆನ್ನಾಗಿ ಓಡಾಡ್ಕೊಂಡಿದಾರೆ. ಹಗಲೆಲ್ಲ ನೀರು ಓಡಿದೆ. ಈಗ ಸ್ವಲ್ಪ ಮುಂಚೆ ಕೂಡ ಓಡಿದೆ ನೋಡು.’ ಅವಳು ಹಗಲಲ್ಲಿ ಮೇಲೆ ಹತ್ತುವವಳಲ್ಲ ಎಂಬುದು ಅವರಿಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ತಮ್ಮ ಪರದೆ ನೋಡಿದ. ಆಮೇಲೆ ಬೀದಿಯ ಆಚೆ ನೋಡಿದ. ಗಾಜಿನ ಹಿಂದೆ ಅವನ ಅಕ್ಕ ಗಿರಾಕಿಯೊಬ್ಬರನ್ನು ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಕರೆದೊಯ್ಯುತ್ತಿದ್ದಳು. ‘ತುಂಬಾ ಉಪಕಾರ ಆಯ್ತು ಮೇಷ್ಟ್ರೇ’ ಎಂದು ಕೈಮುಗಿದು ಅವನು ಬೀದಿ ದಾಟಿದ.

ಮೇಲಿನ ಬಾಗಿಲು ತಟ್ಟಿ ಅವನು ದನಿ ಬದಲಿಸಿ ಕೂಗಿದ್ದು ಇಷ್ಟೇ: ‘ಬೇಗ ಬಾಗಿಲು ತೆಗೀರಿ, ಅಕ್ಕ ಅಂಗಡೀಲಿ ತಲೆ ಸುತ್ತಿ ಬಿದ್ದುಬಿಟ್ಟಿದಾರೆ!’

ಆ ಹುಡುಗಿ ಏನು ಮಾಡಬೇಕಿತ್ತು? ತನಗೆ ನೆಲೆ ಕೊಟ್ಟವಳು ಕೆಳಗೆ ಬಿದ್ದಿದ್ದಾಳೆಂದು ಕೇಳಿಯೂ ಚಿಲಕ ಹಾಕಿಕೊಂಡು ಕೂರಬೇಕಿತ್ತೇ? ತೆಗೆದಳು.

ಕತ್ತಲೆ ಕೋಣೆಯಲ್ಲಿ ‘ಈಗ ಮೇಲಿನ ಸಾಲು ಓದಿ’ ಎನ್ನುತ್ತಿದ್ದ ಅಕ್ಕನಿಗೆ ಮೇಲಿನಿಂದ ಏನೋ ಉರುಳಿದ ಸದ್ದು, ಅದರ ಹಿಂದೆಯೇ ಚೀರಾಟ ಕೇಳಿಸಿತು. ಹೊರಗೋಡಿದಳು. ತಮ್ಮ ಹೆಂಡತಿಯನ್ನು ಜಡೆ ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದು ತರುತ್ತಿದ್ದ. ಅವಳ ಎಡಗೈ ಮಣಿಕಟ್ಟಿನಲ್ಲಿ ಸೊಟ್ಟಗೆ ಜೋತು ಬಿದ್ದಿತ್ತು. ಅಕ್ಕ ಮೆಟ್ಟಿಲಿಗೆ ಅಡ್ಡ ನಿಂತಳು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಅದು ಹೇಗೆ ಕೈಗೆ ಬಂದಿತ್ತೋ ಅವಳಿಗೇ ಗೊತ್ತಿಲ್ಲ. ಒಂದೇ ಏಟು, ಅವನ ಬಲಗೈ ಮೇಲೆ. ಆ ಕೈ ಜಡೆ ಬಿಟ್ಟಿತು. ಅಷ್ಟರಲ್ಲಿ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದು ಅವನನ್ನು ಹಿಂದಿನಿಂದ ತಬ್ಬಿ ಹಿಡಿದ. ಜನ ನೆರೆದರು.

‘ಬಿಡ್ರೀ!’ ಎಂದು ತಮ್ಮ ಕೂಗಾಡಿದ. ‘ನನ್ನ ಹೆಂಡ್ತಿ ಇವಳು! ಇದು ನಮ್ಮ ಮನೆ ವಿಷಯ, ಹೊರಗಿನವರು ಯಾರೂ ತಲೆ ಹಾಕ್ಬೇಡಿ!’

ನಮ್ಮ ಮನೆ ವಿಷಯ! ಆ ಬೀದಿಯಲ್ಲಿ ಎಷ್ಟೋ ಕಾಲದಿಂದ ಯಾರ ಬಾಯಲ್ಲೂ ಬರದಿದ್ದ ಮಾತು ಅದು. ಅದನ್ನು ಆಡಿದವನು ಇವನು. ಎಲ್ಲರ ಮನೆಯೂ ಬಯಲಿಗೆ ಬಿದ್ದಿರುವಾಗ ಗೋಡೆಯ ಮರೆ ಬೇಕಾದದ್ದು ಹೊಡೆಯುವವನಿಗೆ ಮಾತ್ರ! ಅಕ್ಕನಿಗೆ ಆ ಕ್ಷಣಕ್ಕೆ ಇದೆಲ್ಲ ಹೊಳೆಯಲಿಲ್ಲ. ಹೊಳೆದ ಮೇಲೆ ಅದು ಅವಳ ಎದೆಯಲ್ಲಿ ಕೆಂಡದ ಹಾಗೆ ಕೂತುಬಿಟ್ಟಿತು.

ಪೊಲೀಸರು ಬಂದರು, ಅವನನ್ನು ಕರೆದೊಯ್ದರು. ಜಾಮೀನಿನ ಮೇಲೆ ಅವನು ಹೊರಬರುವುದು ಖಂಡಿತವೆಂದು ಅವರೇ ಹೇಳಿದರು. ಆಸ್ಪತ್ರೆಯಲ್ಲಿ ಹುಡುಗಿಯ ಕೈಗೆ ಪ್ಲಾಸ್ಟರ್ ಹಾಕಿದರು. ಆ ಸಂಸ್ಥೆಯ ಹೆಂಗಸೊಬ್ಬಳು ವ್ಯಾನಿನಲ್ಲಿ ಬಂದಾಗ ಅಕ್ಕ ಬಟ್ಟೆಯ ಚೀಲ ಎತ್ತಿಕೊಟ್ಟಳು.

‘ಇವರು ಮೊದಲು ಹೇಳಿದ್ದ ಊರಿಗೂ ಅಲ್ವಂತೆ, ಬೇರೆ ಕಡೆಯಂತೆ. ನಾನು ಎಲ್ಲಿಗೆ ಹೋಗ್ತೀನಿ ಅಂತ ಕೇಳ್ಬೇಡಿ ಅಕ್ಕ’ ಎಂದಳು ಹುಡುಗಿ. ‘ನಿಮಗೂ ಗೊತ್ತಿರೋದು ಬೇಡ.’

‘ನನ್ನ ಮೇಲೂ ನಂಬಿಕೆ ಇಲ್ವೇನೇ?’

‘ನಿಮ್ಮ ಮೇಲೆ ಇದೆ. ನಿಮ್ಮ ಮನೆ ಮೇಲಿಲ್ಲ.’

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಮೇಲೆ ಹತ್ತಿದಳು. ಸ್ಕ್ರೂಡ್ರೈವರ್‌ಗೆ ಕನ್ನಡಕದಂಗಡಿಯಲ್ಲಿ ಬರವೇ? ಡಬ್ಬಿಯನ್ನು ಪೈಪಿನಿಂದ ಬಿಚ್ಚಿದಳು. ತಾರಸಿಗೆ ಹೋಗಿ ಕಂಬದ ವೈರನ್ನೂ ಕಿತ್ತಳು. ಬೇಕರಿಯ ಪರದೆಯಲ್ಲಿ ಅವಳ ಚೌಕ ಆರಿತು. ಅದರೊಂದಿಗೆ ಕೆಳಗಿನ ಅರ್ಧ ಬೀದಿಯೂ ಆರಿಹೋಯಿತು.

ಬಂತು ನೋಡಿ ಆಗ ಗುಲ್ಲು. ಭಾನುವಾರ ಬೆಳಿಗ್ಗೆ ಬೇಕರಿಯಲ್ಲಿ ಸಭೆ ಕೂಡಿತು. ಬೆಂಚುಗಳು ಸಾಲದೆ ಜನ ಹಿಟ್ಟಿನ ಮೂಟೆಗಳ ಮೇಲೆ ಕೂತರು. ಅಕ್ಕ ಬಿಚ್ಚಿದ ಡಬ್ಬಿಯನ್ನು ತಂದು ಬಿಸ್ಕತ್ತಿನ ಗಾಜಿನ ಭರಣಿಗಳ ನಡುವೆ ಠಕ್ಕೆಂದು ಇಟ್ಟಳು.

ಮೇಷ್ಟ್ರ ಮುಖ ಬಾಡಿತ್ತು. ಅವರಿಗೂ ನಿದ್ದೆಯಿರಲಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು. ‘ಏನಮ್ಮ, ನಾನು ಬೇಕು ಅಂತ ಮಾಡಿದ್ನಾ? ಅವನ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಒಳ್ಳೇದಕ್ಕೆ ಹೇಳ್ದೆ.’

‘ಅದೇ ನಾನೂ ಹೇಳ್ತಿರೋದು ಮೇಷ್ಟ್ರೇ. ನೀವು ಒಳ್ಳೆಯವರು. ಬೇಕರಿಯವರು ಒಳ್ಳೆಯವರು. ಇಲ್ಲಿ ಕೂತಿರೋರೆಲ್ಲ ಒಳ್ಳೆಯವರೇ. ಎಲ್ಲ ಒಳ್ಳೆಯವರೂ ಸೇರಿ ಆ ಹುಡುಗಿ ಕೈ ಮುರಿಸಿದ್ರಿ.’

ಬೆಂಚಿನ ಕೊನೆಯಿಂದ ಯಾರೋ ಗೊಣಗಿದರು: ‘ಮುರಿದವನು ನಿಮ್ಮ ತಮ್ಮ ಕಣಮ್ಮ. ನಮ್ಮ ಮೇಲ್ಯಾಕೆ ಹಾಕ್ತೀರಾ?’

‘ಹೌದು, ನನ್ನ ತಮ್ಮನೇ’ ಎಂದಳು ಅಕ್ಕ. ದನಿ ಇಳಿಸಲಿಲ್ಲ. ‘ಅವತ್ತು ನೀವು ಕೇಳಿದ್ರಲ್ಲ ಮೇಷ್ಟ್ರೇ, ನಮ್ಮವರ ಹತ್ರ ಮುಚ್ಚಿಡೋದು ಏನಿರುತ್ತೆ ಅಂತ? ಇವನಿಗಿಂತ ನಮ್ಮವನು ಯಾರಿದ್ದ? ನನ್ನ ರಕ್ತ. ನಿಮಗೆ ಕಂಬ ನಿಲ್ಲಿಸಿಕೊಟ್ಟವನು. ಹೊರಗಿನ ಕಳ್ಳ ಬಂದಿದ್ರೆ ನೀವು ಪರದೆ ತೋರಿಸ್ತಿದ್ರಾ? ನಮ್ಮವನು ಅಂತಾನೇ ತೋರಿಸಿದ್ದು!’

ಒಲೆಯೊಳಗಿನ ಟ್ರೇಗಳು ಚಟಚಟ ಅಂದವು.

ಮೇಷ್ಟ್ರು ಎದ್ದರು. ‘ನೀನು ಮಾಡಿದ್ದು ಮಾತ್ರ ಸರಿಯಾ? ಕಂಬದ ವೈರು ಕಿತ್ತು ಅರ್ಧ ಬೀದೀನ ಕತ್ತಲೆಗೆ ಹಾಕಿದೀಯ. ನಾಳೆ ಅಲ್ಲಿ ಗ್ಯಾಸ್ ಸೋರಿದ್ರೆ? ಇನ್ನೊಬ್ಬರು ಆ ಮುದುಕನ ಹಾಗೆ ಕೂತಲ್ಲೇ ಹೋದ್ರೆ? ಗೋಡೆ ಆಚೆ ನಾನಿದ್ದೆ ಕಣಮ್ಮ! ನನ್ನ ಗೋಡೆ ಆಚೆ!’

‘ಆ ಮುದುಕನಿಗೆ ಬೇಕಾಗಿದ್ದದ್ದು ಬಾಗಿಲು ತಟ್ಟೋ ಒಬ್ಬ ಮನುಷ್ಯ. ಎಷ್ಟು ಸಲ ಬಚ್ಚಲಿಗೆ ಹೋದ ಅಂತ ನೋಡ್ಕೊಂಡು ಚಹಾ ಕುಡಿಯೋ ಬೀದಿ ಅಲ್ಲ! ಗ್ಯಾಸ್ ಸೋರಿದ್ರೆ ಡಬ್ಬಿ ಕೂಗಲಿ, ಬೇಡ ಅಂದೋರು ಯಾರು? ಮನೇಲಿ ಏನೂ ಸದ್ದಿಲ್ಲ ಅಂದ್ರೆ, ಆ ಮನೆಯವರು ಯಾರಿಗೆ ಹೇಳು ಅಂದಿದ್ರೋ ಅವರಿಗೆ ಹೇಳಲಿ. ಅದಕ್ಕೆ ಈ ಪರದೆ ಯಾಕೆ? ಹೋದ ವಾರದ ನೀರು, ಹೋದ ತಿಂಗಳ ಬಾಗಿಲು ಯಾಕೆ? ನನ್ನ ಮನೆ ಸುದ್ದಿ ನನ್ನ ಮನೇಲೇ ಇರೋ ಹಾಗೆ ಮಾಡಿ, ಕಂಬದ ವೈರು ನಾನೇ ಮತ್ತೆ ಜೋಡಿಸ್ತೀನಿ. ಅಲ್ಲಿವರೆಗೂ ಒಂದು ವೈರು ಮುಟ್ಟಕ್ಕೂ ಬಿಡಲ್ಲ.’

‘ಇದು ದಬ್ಬಾಳಿಕೆ’ ಎಂದು ಒಬ್ಬರು ಸಿಟ್ಟಾದರು. ‘ಗುಟ್ಟು ಇರೋರಿಗೆ ತಾನೇ ಭಯ?’ ಎಂದು ಇನ್ನೊಬ್ಬರು ನಕ್ಕರು. ಸಭೆ ಅವಳ ಮೇಲೆ ತಿರುಗಿ ಬೀಳುವ ಹಾಗಿತ್ತು.

ಆಗ ಮೂಟೆಯ ಮೇಲೆ ಕೂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಕೆಮ್ಮಿದರು. ‘ನಾನೊಂದು ಹೇಳ್ಲಾ? ನಗಬಾರದು. ನನಗೆ ಮಧ್ಯಾಹ್ನ ಉದ್ದಕ್ಕೆ ನಿದ್ದೆ ಮಾಡೋ ಅಭ್ಯಾಸ. ಈ ಡಬ್ಬಿ ಬಂದ ಮೇಲೆ ಚೌಕ ಬೂದಿ ಬಣ್ಣ ಆದ್ರೆ ಸಾಕು, ತಾತ ಸತ್ತ ಅಂತ ಓಡಿ ಬರ್ತೀರಿ. ಅದಕ್ಕೆ ಆಗಾಗ ಎದ್ದು ಬಾಗಿಲು ತೆಗೆದು ಹಾಕಿ ಮಲಗ್ತೀನಿ. ಬದುಕಿದೀನಿ ಅಂತ ತೋರಿಸಕ್ಕೆ.’

ಯಾರೋ ಕಿಸಕ್ಕೆಂದರು. ಆದರೆ ನಗು ಬೆಳೆಯಲಿಲ್ಲ. ‘ನಾನೂ ಅಷ್ಟೇ’ ಎಂದಳು ಬೀದಿಯ ಕೆಳಭಾಗದ ಮನೆಯ ಸೊಸೆಯೊಬ್ಬಳು, ಅತ್ತೆಯ ಮುಖ ನೋಡದೆ. ‘ತಡವಾಗಿ ಎದ್ದೆ ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ, ಅದಕ್ಕೆ ಮೊದಲು ಎದ್ದು ನಲ್ಲಿ ಬಿಟ್ಟು ಮತ್ತೆ ಮಲಗ್ತೀನಿ.’ ಅತ್ತೆ ಬಾಯಿ ತೆರೆದವಳು ಹಾಗೇ ಮುಚ್ಚಿದಳು; ಅವಳೂ ಅಂಥದೇ ಏನೋ ಮಾಡುತ್ತಿದ್ದಿರಬೇಕು.

ಕೊನೆಗೆ ಎದ್ದವರು ಮೇಷ್ಟ್ರ ಹೆಂಡತಿ. ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ‘ರೀ, ನಿಮಗೂ ಹೇಳಿರಲಿಲ್ಲ. ನೀವು ಹೊರಗೆ ಹೋದಾಗ ಒಂದೊಂದು ಸಲ ನಾನು ಬಚ್ಚಲಲ್ಲಿ ಕೂತು ಅತ್ತುಬಿಡ್ತೀನಿ. ಅಂಥ ಕಾರಣ ಏನಿಲ್ಲ, ಸತ್ತುಹೋದ ನಮ್ಮಕ್ಕ ನೆನಪಾಗ್ತಾಳೆ. ದನಿ ಕೇಳದಿರಲಿ ಅಂತ ನಲ್ಲಿ ಬಿಟ್ಟುಕೊಳ್ತೀನಿ. ನೀವು ಬಂದು, ಇವತ್ತು ಇಷ್ಟೊತ್ತು ನೀರು ಯಾಕೆ ಓಡಿದೆ ಅಂತ ಕೇಳ್ತೀರಿ. ಬಟ್ಟೆ ಒಗೆದೆ ಅಂತೀನಿ.’

ಮೇಷ್ಟ್ರು ನಿಧಾನವಾಗಿ ಕೂತರು. ಆಮೇಲೆ ಎದ್ದು, ಯಾರ ಕಡೆಗೂ ನೋಡದೆ, ಪರದೆಯ ಪ್ಲಗ್ಗನ್ನು ಕಿತ್ತು ಮನೆಗೆ ಹೋದರು.

ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ಮೇಷ್ಟ್ರು ಅಕ್ಕನ ಅಂಗಡಿಯ ಮುಂದೆ ಹಾಯುವಾಗಲೆಲ್ಲ ಮುಖ ತಿರುಗಿಸಿಕೊಂಡು ಹೋದರು. ಕೆಲವರು ಕನ್ನಡಕ ಮಾಡಿಸಲು ಬೇರೆ ಬೀದಿಗೆ ಹೋಗಿಬಂದರು. ಆದರೆ ಒಂದು ದಿನ ಮೇಷ್ಟ್ರೇ ಅಂಗಡಿಯ ಮೆಟ್ಟಿಲು ಹತ್ತಿ, ಜೇಬಿನಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

‘ಇದಕ್ಕೆ ನಿನ್ನೆಯದು ನೆನಪಿರಲ್ಲ. ನೀರು, ಬಾಗಿಲು ಏನೇ ಇದ್ರೂ ಇದರ ಹೊಟ್ಟೇಲೇ ಹುಟ್ಟಿ ಇದರ ಹೊಟ್ಟೇಲೇ ಸಾಯುತ್ತೆ. ಅಪಾಯ ಇದ್ರೆ ಮಾತ್ರ ಕೂಗುತ್ತೆ, ಅದೂ ನೀನು ಹೇಳಿದವರಿಗೆ. ನಾನೇ ನೋಡ್ತೀನಿ ಅಂದ್ರೂ ಒಳಗಿನದು ನನಗೆ ಕಾಣಲ್ಲ. ಬೇಡ ಅಂದೋರ ಮನೆಗೆ ಡಬ್ಬಿಯೇ ಇಲ್ಲ. ಅದನ್ನೂ ಯಾರೂ ಕೇಳೋ ಹಾಗಿಲ್ಲ.’

‘ಇದನ್ನ ಮೊದಲೇ ಮಾಡೋಕೆ ಆಗ್ತಿರಲಿಲ್ವಾ, ಮೇಷ್ಟ್ರೇ?’

ಮೇಷ್ಟ್ರು ಡಬ್ಬಿಯನ್ನು ಅವಳ ಕಡೆಗೆ ಸರಿಸಿದರು. ‘ಆಗ್ತಿತ್ತು’ ಎಂದರು. ‘ಯಾರೂ ಬೇಕು ಅನ್ನಲಿಲ್ಲ.’

‘ನಾನು ಅಂದಿದ್ದೆ’ ಎಂದಳು ಅಕ್ಕ. ‘ಎಲ್ಲರೂ ನಕ್ಕಿದ್ರು.’

ಅವಳು ಡಬ್ಬಿ ತೆಗೆದುಕೊಂಡಳು. ಕೊಟ್ಟ ಮಾತಿನಂತೆ ಕಂಬದ ವೈರನ್ನು ಮತ್ತೆ ಜೋಡಿಸಿದಳು. ಮೇಷ್ಟ್ರಿಗೆ ಚಹಾ ಕೊಡಲಿಲ್ಲ.

ಹುಡುಗಿಯಿಂದ ಫೋನು ಬಂದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಗುರುತಿಲ್ಲದ ನಂಬರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅಕ್ಕ ಒಂದು ಬೆರಳೆತ್ತಿ ಅವರನ್ನು ಕಾಯಲು ಹೇಳಿದಳು.

‘ಅಕ್ಕ, ಕೈ ಸರಿಹೋಗಿದೆ. ಸ್ವಲ್ಪ ಸೊಟ್ಟ ಇದೆ, ಆದ್ರೆ ಹಿಡಿತ ಬಂದಿದೆ. ಇಲ್ಲೊಂದು ಕಡೆ ಕೆಲಸ ಸಿಕ್ಕಿದೆ. ಇಲ್ಲಿ ಎದುರಿಗೇ...’

‘ಹೇಳ್ಬೇಡ’ ಎಂದಳು ಅಕ್ಕ ಗಾಬರಿಯಿಂದ. ‘ಎದುರಿಗೆ ಏನಿದೆ ಅಂತ ಹೇಳ್ಬೇಡ. ಊಟ ಮಾಡ್ತೀಯ ತಾನೇ?’

‘ಮಾಡ್ತೀನಿ.’

‘ನಿದ್ದೆ?’

‘ಬರುತ್ತೆ. ಅಕ್ಕ, ಇಲ್ಲಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟು ಹೊತ್ತು ಬೇಕಾದ್ರೂ ನಿಂತಿರಬಹುದು. ಯಾರೂ ಕೇಳಲ್ಲ.’

ಅಕ್ಕ ಹೂಂ ಎಂದಳು. ಯಾವ ಊರು, ಎಂಥ ಮನೆ, ಜೊತೆಗೆ ಯಾರಿದ್ದಾರೆ, ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ, ಕೇಳಬೇಕಾದದ್ದು ಒಂದೆರಡಲ್ಲ. ಕೇಳದಿರುವುದೇ ಆ ಹುಡುಗಿಗೆ ಕ್ಷೇಮ. ‘ಇಡು’ ಎಂದು ಹೇಳಿ, ಫೋನಿನಿಂದ ಆ ನಂಬರನ್ನು ತಾನೇ ಅಳಿಸಿಹಾಕಿದಳು. ಅಳಿಸುವಾಗ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ತಮ್ಮನ ಮೇಲಿನ ಸಿಟ್ಟಂತೂ ಇತ್ತೇ ಇತ್ತು, ಅದು ಸಾಯುವವರೆಗೂ ಹೋಗುವಂಥದಲ್ಲ. ಅದರ ಜೊತೆಗೆ ತಾವೇ ಕೂತು ಬೆಸುಗೆ ಹಾಕಿ, ನಗುನಗುತ್ತ ಮನೆಮನೆಗೆ ಹಂಚಿಕೊಂಡ ಆ ಡಬ್ಬಿಗಳ ಮೇಲೆ, ಇನ್ನೊಬ್ಬರ ನಲ್ಲಿಯ ಸದ್ದಿಗೆ ಕಿವಿಗೊಡುವುದನ್ನೇ ಪ್ರೀತಿ ಎಂದುಕೊಂಡ ಒಳ್ಳೆಯ ಜನರ ಮೇಲೆ, ಮೈಯೆಲ್ಲ ಉರಿಯುವಂಥ ಸಿಟ್ಟು.

ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸು, ‘ಯಾರಮ್ಮ ಫೋನಲ್ಲಿ? ನೆಂಟರಾ?’ ಎಂದು ವಿಚಾರಿಸಿದಳು.

‘ಅದು ನಿಮಗೆ ಬೇಡದ ವಿಷಯ’ ಎಂದು ಅಕ್ಕ ನಿಷ್ಠುರವಾಗಿ ಹೇಳಿ, ಅವಳನ್ನು ಕಣ್ಣು ಪರೀಕ್ಷೆಗೆ ಒಳಗೆ ಕರೆದಳು.